ಗಿಂಪ್ ಜೊತೆ 12 ವರ್ಷ: ಮೊಳ ಹಾಕಿದ ಲೆಕ್ಕ

ಫೋಟೊ ತಿದ್ದುವ ಬಿಟ್ಟಿ ಸಾಫ್ಟ್‌ವೇರ್ ಗಿಂಪ್ ಅನ್ನು ನಾನು ಹಿಡಿದದ್ದು 2.8 ಆವೃತ್ತಿಯ ಕಾಲದಲ್ಲಿ. ಹಳೆಯ ಫೋಟೊಗಳ ಗೀರು, ಕಲೆ ತೆಗೆಯುವುದು, ಆಗೀಗ ಒಂದು ಪುಸ್ತಕದ ಮುಖಪುಟ, ಇಷ್ಟೇ ನನ್ನ ಕೆಲಸ. ಇದಕ್ಕೆ ನಾನು ಏನೂ ಕೊಟ್ಟಿಲ್ಲ, ಯಾರೂ ಕೇಳಿಲ್ಲ.

ಹಾಗಾಗಿಯೇ ಬಹಳ ವರ್ಷ ಸುಮ್ಮನಿದ್ದೆ. ಧರ್ಮಕ್ಕೆ ದಟ್ಟಿ ಕೊಟ್ಟರೆ ಹಿತ್ತಲಿಗೆ ಹೋಗಿ ಮೊಳ ಹಾಕಿದರಂತೆ ಎಂಬ ಗಾದೆ ಕೇಳಿ ಬೆಳೆದವರಿಗೆ, ಬಿಟ್ಟಿ ಸಿಕ್ಕಿದ್ದರ ಕೊರತೆ ಎತ್ತಿ ಆಡಲು ನಾಲಿಗೆ ಏಳುವುದಿಲ್ಲ. ಆದರೆ ಆ ದಟ್ಟಿಯನ್ನು ದಿನಾ ಉಡುವವರು ಮೊಳ ಹಾಕಲೇಬೇಕು. ಎಷ್ಟು ಸಾಲದು ಅಂತ ತಿಳಿಯದೆ ನೇಯುವವರು ಏನು ಮಾಡಿಯಾರು?

ಕೊರತೆಯನ್ನೇ ಮೊದಲು ಹೇಳುತ್ತೇನೆ. 2.10ರವರೆಗೂ ಒಮ್ಮೆ ಹಾಕಿದ ಫಿಲ್ಟರ್ (ಚಿತ್ರ ಮಸುಕಾಗಿಸುವ ಬ್ಲರ್‌ನಂಥ ಪರಿಣಾಮ) ಚಿತ್ರದೊಳಗೇ ಬೆರೆತುಹೋಗುತ್ತಿತ್ತು. ಬ್ಲರ್ ಜಾಸ್ತಿಯಾಯಿತು ಅಂತ ಮರುದಿನ ಅನ್ನಿಸಿದರೆ, ಫೈಲ್ ಮುಚ್ಚಿದ ಮೇಲೆ ಅನ್‌ಡು ಕೂಡ ಉಳಿದಿರುವುದಿಲ್ಲ. ಅದಕ್ಕೇ ಪ್ರತಿ ಫಿಲ್ಟರ್‌ಗೂ ಮುಂಚೆ ಚಿತ್ರದ ಪದರದ, ಅಂದರೆ ಲೇಯರ್‌ನ ಇನ್ನೊಂದು ಪ್ರತಿ ಮಾಡಿ, ಹೆಸರು ಬರೆದಿಡುವುದು ರೂಢಿಯಾಯಿತು. ಹಾಕಿದ ಫಿಲ್ಟರನ್ನು ಆಮೇಲೂ ತಿದ್ದುವ ಸೌಲಭ್ಯ ಬಂದದ್ದು 3.0ರಲ್ಲಿ, 2025ರ ಮಾರ್ಚ್‌ನಲ್ಲಿ. 2.10 ಬಂದದ್ದು 2018ರ ಏಪ್ರಿಲ್‌ನಲ್ಲಿ. ಸುಮಾರು 7 ವರ್ಷ! ಸ್ವಯಂಸೇವಕರ ಸಣ್ಣ ಗುಂಪು ಬಿಡುವಿನಲ್ಲಿ ಮಾಡಿದ ಕೆಲಸ ಅಂತ ಗೊತ್ತಿದ್ದರೂ ಆ ಕಾಯುವಿಕೆ ದೊಡ್ಡದೇ.

ಇನ್ನು 2.10ಕ್ಕೆ ನಾನು ಋಣಿ. 2.8ರಲ್ಲಿ ಪ್ರತಿ ಬಣ್ಣಕ್ಕೆ ಇದ್ದದ್ದು 256 ಹಂತ, ಅಂದರೆ 8 ಬಿಟ್. ಮಾಸಿದ ಫೋಟೊದ ಆಕಾಶವನ್ನು ಗಾಢ ಮಾಡಹೊರಟರೆ ಪಟ್ಟೆಪಟ್ಟೆಯಾಗಿ ಒಡೆಯುತ್ತಿತ್ತು. 2.10 ಪ್ರತಿ ಬಣ್ಣಕ್ಕೆ 32 ಬಿಟ್‌ವರೆಗೆ ಲೆಕ್ಕ ಇಡುವಂತಾದ ಮೇಲೆ, 16 ಬಿಟ್‌ನಲ್ಲಿ ಸ್ಕ್ಯಾನ್ ಮಾಡಿದ ಫೋಟೊಗಳಲ್ಲಿ ಆಕಾಶ ನಯವಾಗಿ ಇಳಿಯತೊಡಗಿತು. ಮೊದಲ ಸಲ ನೋಡಿದಾಗ ನಿಜಕ್ಕೂ ಕಣ್ಣು ತುಂಬಿತು. ‘ಒಳ್ಳೆಯ ಸಾಫ್ಟ್‌ವೇರ್’ ಅಂತ ಬರೆದು ಐದು ನಕ್ಷತ್ರ ಕೊಟ್ಟರೆ ಆ ಕೆಲಸ ಮಾಡಿದವರಿಗೆ ಏನು ತಲುಪಿತು? ‘ದಂಡದ್ದು’ ಅನ್ನುವ ಬೈಗುಳದಷ್ಟೇ ಪೊಳ್ಳು ಅದು.

ನನ್ನ ಮೊದಲ ದೂರೂ ಹಾಗೇ ಇತ್ತು: ಅಕ್ಷರ ಬರೆಯುವ ಟೂಲ್ ಸರಿಯಿಲ್ಲ, ಒಂದೇ ಸಾಲು. ಯಾವ ಆವೃತ್ತಿ, ಯಾವ ಫಾಂಟ್, ಏನು ಒತ್ತಿದಾಗ ಹಾಗಾಗುತ್ತದೆ ಅಂತ ಗಿಂಪ್ ತಯಾರಿಸುವವರು ಮರಳಿ ಕೇಳಿದರು. ಉತ್ತರ ಬರೆಯಲು ಒಂದು ಸಂಜೆ ಹಿಡಿಯಿತು. ಆ ಸಂಜೆ ಅವರ ಜೊತೆ ಕೂತು ಕೆಲಸ ಮಾಡಿದ ಹಾಗಾಯಿತು ನನಗೆ. ಅಂದಿನಿಂದ ದೂರು ಬರೆದಾಗಲೆಲ್ಲ, ಈ ಸಲ ಏನು ಸುಲಭವಾಯಿತು ಅನ್ನುವುದನ್ನೂ ಹೆಸರು ಹಿಡಿದು ಬರೆಯುತ್ತೇನೆ.

ಮುದ್ರಣದವರಿಗೆ ಒಂದು ಮಾತು: 3.0ರಲ್ಲಿ ಸಿಎಂವೈಕೆ (ಮುದ್ರಣದ ನಾಲ್ಕು ಶಾಯಿಗಳ ಬಣ್ಣಪದ್ಧತಿ) ಪ್ರೂಫ್ ನೋಡಬಹುದು, ಕೆಲವು ಬಗೆಯ ಫೈಲ್‌ಗಳಿಗೆ ರಫ್ತೂ ಮಾಡಬಹುದು. ಚಿತ್ರವನ್ನೇ ಸಿಎಂವೈಕೆಯಲ್ಲಿಟ್ಟು ತಿದ್ದಲು ಆಗದು. ಅದೇ ನಿಮ್ಮ ಕಸುಬಾದರೆ ಬೇರೆ ನೋಡಿ. ಫೋಟೊ ತಿದ್ದುವವರು ಧಾರಾಳವಾಗಿ 3.0 ಹಾಕಿಕೊಳ್ಳಿ. 2.10ಕ್ಕೆ ಹೆಚ್ಚುವರಿ ಸೌಲಭ್ಯ ಸೇರಿಸುತ್ತಿದ್ದ ಪ್ಲಗಿನ್‌ಗಳು ಇದರಲ್ಲಿ ಹಾಗೆಯೇ ನಡೆಯುವುದಿಲ್ಲ, ನಿಮಗೆ ಬೇಕಾದದ್ದರ ಹೊಸ ರೂಪ ಬಂದಿದೆಯೇ ಅಂತ ಮೊದಲೇ ನೋಡಿಕೊಳ್ಳಿ.