ಅಜ್ಜಿ ಓದುವಂಥ ವಿಡಿಯೊಗೆ ಯಾವ ಸಾಫ್ಟ್‌ವೇರ್?

ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ವಿಡಿಯೊ ಕತ್ತರಿಸಿ ಜೋಡಿಸುವ ಸಾಫ್ಟ್‌ವೇರ್ ಶಾಟ್‌ಕಟ್‌ಗೆ. ಪುಕ್ಕಟೆ ಸಿಗುತ್ತದೆ ಎಂದು ಮಾತ್ರ ಅಲ್ಲ. 1,800 ರೂಪಾಯಿ ಕೊಟ್ಟು ಬೇರೊಂದನ್ನು ಕೊಂಡು ಕೈ ಸುಟ್ಟುಕೊಂಡ ಮೇಲೆ ಬಂದ ಬುದ್ಧಿ ಇದು.

ಓಣಂ ರಜೆಗೆ ಎರ್ನಾಕುಳಂನಿಂದ ಅಕ್ಕ, ಭಾವ, ಮಕ್ಕಳು ಕಾಸರಗೋಡಿನ ಬದಿಯಡ್ಕದ ನಮ್ಮ ಮನೆಗೆ ಬಂದಿದ್ದರು. ಅನಂತಪುರ, ಚಂದ್ರಗಿರಿ, ಬೇಕಲ ಕೋಟೆ ಎಂದು ಮೂರು ದಿನ ಸುತ್ತಿದೆವು. ಎಲ್ಲರ ಫೋನಿನದೂ ಸೇರಿ ಎರಡು ಗಂಟೆಯಷ್ಟು ವಿಡಿಯೊ. ಅದನ್ನು ಇಪ್ಪತ್ತು ನಿಮಿಷಕ್ಕೆ ಇಳಿಸಿ, ನಡುನಡುವೆ ಊರಿನ ಹೆಸರು ಹಾಕಿ, ಮೊಣಕಾಲು ನೋವೆಂದು ಮನೆಯಲ್ಲೇ ಉಳಿದ ಅಜ್ಜಿಗೆ ಟಿವಿಯಲ್ಲಿ ತೋರಿಸಬೇಕಿತ್ತು. ಹಿಂದೆ ಇಷ್ಟಕ್ಕೆಲ್ಲ ವಿಂಡೋಸ್ ಮೂವಿ ಮೇಕರ್ ಸಾಕಿತ್ತು. 2017ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಅದನ್ನು ಕೊಡುವುದನ್ನೇ ನಿಲ್ಲಿಸಿತು.

ನಾನು ಕೊಂಡ ಸಾಫ್ಟ್‌ವೇರಿನ ಹೆಸರು ಬೇಡ. ನೋಡಲು ಚಂದ, ಹಾಡು ಸೇರಿಸುವುದು ಸುಲಭ. ಹಣ ಕೊಡದಿದ್ದರೆ ವಿಡಿಯೊ ಮೇಲೆ ಅವರ ಹೆಸರಿನ ಮುದ್ರೆ ಬೀಳುತ್ತದೆ. ಅದು ಹೋಗಲಿ ಎಂದು ಒಂದು ವರ್ಷಕ್ಕೆ ಹಣ ಕಟ್ಟಿದೆ. ಕಟ್ಟುವ ಮೊದಲು ಇಂಗ್ಲಿಷಿನಲ್ಲಿ ಮಾತ್ರ ಟೈಟಲ್ ಹಾಕಿ ನೋಡಿದ್ದೆ, ಎಡವಿದ್ದು ಅಲ್ಲೇ.

ನಮ್ಮ ಅಜ್ಜಿ ತುಳು ಮಾತಾಡುತ್ತಾರೆ, ಮಲಯಾಳಂ ಮಾತಾಡುತ್ತಾರೆ. ಓದಲು ಬರುವುದು ಕನ್ನಡ ಒಂದೇ. ಹಾಗಾಗಿ ಟೈಟಲ್ ಕನ್ನಡದಲ್ಲೇ ಆಗಬೇಕು. ಟೈಪ್ ಮಾಡುವ ಪೆಟ್ಟಿಗೆಯಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ಎಕ್ಸ್‌ಪೋರ್ಟ್ ಮಾಡಿ, ಪೆನ್‌ಡ್ರೈವ್‌ಗೆ ಹಾಕಿ, ಟಿವಿಗೆ ಚುಚ್ಚಿದೆ. ಚಂದ್ರಗಿರಿ ಹೊಳೆಯ ಸೇತುವೆ ಬಂತು. ಅಜ್ಜಿ ಕನ್ನಡಕ ಸರಿಮಾಡಿಕೊಂಡು, "ಇದೆಂತ ಮಗಾ, ಚಂದ್ ರಗಿರಿ?" ಎಂದರು. ನಿಜಕ್ಕೂ ಪರದೆ ಮೇಲೆ 'ಚಂದ್‌ರಗಿರಿ' ಎಂದೇ ಇತ್ತು. ಕೊನೆಯಲ್ಲಿ 'ಅಜ್ಜಿಗಾಗಿ' ಎಂದು ಹಾಕಿದ್ದು 'ಅಜ್‌ಜಿಗಾಗಿ' ಆಗಿತ್ತು.

ವಿಷಯ ಏನೆಂದರೆ, ಕಂಪ್ಯೂಟರಿನಲ್ಲಿ ಅಕ್ಷರಗಳನ್ನು ಇಡುವ ಯೂನಿಕೋಡ್ ಎಂಬ ಪದ್ಧತಿಯಲ್ಲಿ ಒತ್ತಕ್ಷರಕ್ಕೆ ಬೇರೆ ಗುರುತೇ ಇಲ್ಲ. ದ, ವಿರಾಮ (ಅಕ್ಷರದ ಸ್ವರ ತೆಗೆಯುವ ಗುರುತು), ರ ಎಂದು ಬಿಡಿಬಿಡಿಯಾಗಿ ಇರುತ್ತದೆ. ಅದನ್ನು 'ದ್ರ' ಎಂದು ಕೂಡಿಸಿ ಬರೆಯುವ ಕೆಲಸ ಸಾಫ್ಟ್‌ವೇರಿನದು. ಇಂಗ್ಲಿಷಿಗೆ ಈ ಕೂಡಿಸುವ ಗೋಜು ಇಲ್ಲದ ಕಾರಣ, ಕೆಲವು ಸಾಫ್ಟ್‌ವೇರಿನವರು ವಿಡಿಯೊ ಮೇಲೆ ಅಕ್ಷರ ಮೂಡಿಸುವಾಗ ಅದನ್ನು ಬಿಟ್ಟೇಬಿಡುತ್ತಾರೆ. ಸಹಾಯ ಕೇಳಿದ್ದಕ್ಕೆ "ಫಾಂಟ್ ಬದಲಿಸಿ ನೋಡಿ" ಎಂದು ಉತ್ತರ ಬಂತು. ಐದು ಫಾಂಟ್ ಬದಲಿಸಿದೆ. ಐದರಲ್ಲೂ ಅಜ್ಜಿ ಒಡೆದೇ ಇದ್ದರು.

ಮದುವೆ ವಿಡಿಯೊ ಮಾಡುವ ಗೆಳೆಯ, ಯೂನಿಕೋಡ್ ಬಿಟ್ಟು 'ನುಡಿ' ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನ ಹಳೆ ಫಾಂಟ್ ಹಾಕಲು ಹೇಳಿದ. ಅದರಲ್ಲಿ ಒತ್ತುಗಳಿಗೂ ಬೇರೆ ಬೇರೆ ಗುರುತೇ ಇರುವುದರಿಂದ ಒಡೆಯುವ ಪ್ರಶ್ನೆ ಇಲ್ಲ. ಕೆಲಸವೇನೋ ಆಯಿತು. ಆದರೆ ಪೆಟ್ಟಿಗೆಯಲ್ಲಿ ಅರ್ಥವಾಗದ ಇಂಗ್ಲಿಷ್ ಅಕ್ಷರಗಳ ರಾಶಿ. ಒಂದು ಅಕ್ಷರ ತಪ್ಪಿದರೆ ಎಲ್ಲಿ ತಿದ್ದುವುದು? ಹಣ ಕೊಟ್ಟು ಇಷ್ಟೆಲ್ಲ ಯಾಕೆ, ಅಲ್ವಾ?

ಡಾವಿಂಚಿ ರಿಸಾಲ್ವ್ ಉಚಿತವಾಗಿಯೂ ಸಿಗುತ್ತದೆ, ಸಿನಿಮಾದವರು ಬಳಸುವಂಥದ್ದು. ನನ್ನ ಎಂಟು ಜಿಬಿ ರ್‍ಯಾಮಿನ ಹಳೆ ಲ್ಯಾಪ್‌ಟಾಪ್ ಅದನ್ನು ತೆರೆಯುವಷ್ಟರಲ್ಲೇ ಏದುಸಿರು ಬಿಟ್ಟಿತು.

ವಿಂಡೋಸ್ 11 ಇದ್ದವರಿಗೆ ಕ್ಲಿಪ್‌ಚಾಂಪ್ ಜೊತೆಗೇ ಬರುತ್ತದೆ. 1080ಪಿ (ಫುಲ್ ಎಚ್‌ಡಿ) ವರೆಗೆ ಹಣವಿಲ್ಲ, ಮುದ್ರೆಯೂ ಇಲ್ಲ. ಲಾಗಿನ್ ಬೇಕು, ನೆಟ್ ಬೇಕು. ಮಳೆ ಬಂದರೆ ನಮ್ಮಲ್ಲಿ ನೆಟ್ ಇರುವುದಿಲ್ಲ, ಅಲ್ಲಿಗೆ ಮುಗಿಯಿತು.

ಮಗಳು ಶಾಲೆಯ ಐಟಿ ಕ್ಲಬ್ ಲಿಟಲ್ ಕೈಟ್ಸ್‌ನಲ್ಲಿ ಕೆಡೆನ್‌ಲೈವ್ ಕಲಿತವಳು, ಅದನ್ನೇ ಹಾಕಿ ಎಂದಳು. ಒಳ್ಳೆಯದೇ. ಅದಕ್ಕೂ ಶಾಟ್‌ಕಟ್‌ಗೂ ಒಳಗಿನ ಎಂಜಿನ್ ಎಂಎಲ್‌ಟಿ ಎಂಬ ಒಂದೇ. ಆದರೆ ಅದರಲ್ಲಿ ಗುಂಡಿಗಳು ಜಾಸ್ತಿ. ವರ್ಷಕ್ಕೆ ಎರಡು ಸಲ ಕೂರುವ ನನಗೆ ಪ್ರತಿ ಸಲವೂ ಹೊಸದಾಗಿ ಕಲಿತ ಹಾಗೆ ಆಗುತ್ತದೆ.

ಶಾಟ್‌ಕಟ್‌ನಲ್ಲಿ ನನಗೆ ನೆನಪಿರಬೇಕಾದ್ದು ಎರಡೇ. 'ಎಸ್' ಒತ್ತಿದರೆ ತುಂಡಾಗುತ್ತದೆ, 'ಎಕ್ಸ್' ಒತ್ತಿದರೆ ಬೇಡದ ತುಂಡು ಹೋಗಿ ಮುಂದಿನದು ಬಂದು ಕೂಡುತ್ತದೆ. ಟೈಟಲ್ ಎಲ್ಲಿದೆ ಎಂದು ಅರ್ಧ ಗಂಟೆ ಹುಡುಕಿದೆ, ಅದು ಫಿಲ್ಟರ್‌ಗಳ ಪಟ್ಟಿಯಲ್ಲಿ ಅಡಗಿರುತ್ತದೆ. 'ಚಂದ್ರಗಿರಿ' ಮಾತ್ರ ಚಂದ್ರಗಿರಿಯಾಗಿಯೇ ಬಂತು. ಫೋನಿನ ವಿಡಿಯೊಗಳಲ್ಲಿ ಸೆಕೆಂಡಿಗೆ ಇಷ್ಟು ಚಿತ್ರ ಎಂಬ ಲೆಕ್ಕ ಏರುಪೇರಾಗುವುದರಿಂದ, ಮೊದಲು ಅವನ್ನು ಬದಲಾಯಿಸಿಕೊಳ್ಳಲು ಅದೇ ಕೇಳುತ್ತದೆ. ಬೇಡ ಎನ್ನಬೇಡಿ, ಇಲ್ಲದಿದ್ದರೆ ತುಟಿ ಒಂದು ಕಡೆ ಮಾತು ಒಂದು ಕಡೆ ಆಗಬಹುದು. ಹಾರ್ಡ್‌ಡಿಸ್ಕಿನಲ್ಲಿ ಜಾಗ ಮಾತ್ರ ಸಾಕಷ್ಟು ಇಟ್ಟುಕೊಳ್ಳಿ. ಇನ್ನೊಂದು, ಪ್ರಾಜೆಕ್ಟ್ ಫೈಲಿನಲ್ಲಿ ವಿಡಿಯೊ ಇರುವುದಿಲ್ಲ, ಅದು ಎಲ್ಲಿದೆ ಎಂಬ ವಿಳಾಸ ಮಾತ್ರ. ಕೆಲಸ ಮುಗಿಯುವ ತನಕ ಫೋಲ್ಡರ್ ಅಲುಗಾಡಿಸಬೇಡಿ.

ಎರಡನೇ ಸಲ ಅಜ್ಜಿ ಎಲ್ಲ ಹೆಸರನ್ನೂ ಗಟ್ಟಿಯಾಗಿ ಓದಿದರು. ಅನಂತಪುರ ದೇವಸ್ಥಾನದ ಕೆರೆ ಬಂದಾಗ ಮಾತ್ರ, "ಮೊಸಳೆ ಎಲ್ಲಿ ಮಗಾ? ಅದನ್ನೂ ಕತ್ತರಿಸಿದ್ಯಾ?" ಎಂದರು. ಆ ಕೆರೆಯ ಮೊಸಳೆ ಬಬಿಯ ಸತ್ತದ್ದು 2022ರ ಅಕ್ಟೋಬರಿನಲ್ಲಿ. ಆಮೇಲೆ ಕಾಣಿಸಿಕೊಂಡ ಮೊಸಳೆ ನಮಗೆ ಮುಖವನ್ನೇ ತೋರಿಸಿರಲಿಲ್ಲ.