ಕತ್ತಲೆಕಾನಿನ ಮರಗಳಿಗೆ ಬಿಲ್ಲೆ ಮಾಡಿಕೊಡುವ ಅಂಗಡಿ

ಶಿರಸಿಯ ಹಳೇ ಬಸ್ ನಿಲ್ದಾಣದ ಹತ್ತಿರ ನಾಮಫಲಕ, ಸೀಲು ಮಾಡುವ ಪುಟ್ಟ ಅಂಗಡಿಯೊಂದಿದೆ. ಮರಗಳಿಗೆ ಹೊಡೆಯುವ ಅಲ್ಯೂಮಿನಿಯಂ ನಂಬರ್ ಬಿಲ್ಲೆಗಳನ್ನು ನಾವು ಮಾಡಿಸುವುದು ಅಲ್ಲೇ. ಕಾಡಿನಲ್ಲಿ ಗಣತಿ ಮಾಡುವವರು ಯಾರೇ ಕೇಳಿದರೂ ಅಲ್ಲಿಗೇ ಹೋಗಿ ಎನ್ನುತ್ತೇನೆ.

ನಮ್ಮ ಕೆಲಸ ಸಿದ್ದಾಪುರ ತಾಲೂಕಿನ ಕತ್ತಲೆಕಾನು ಎಂಬ ಕಾಡಿನ ರಾಮಪತ್ರೆ ಜಡ್ಡಿಗಳಲ್ಲಿ, ಅಂದರೆ ರಾಮಪತ್ರೆ ಮರಗಳಿರುವ ಜೌಗು ಕಾಡಿನಲ್ಲಿ. ನೀರು ಜಿನುಗುವ ಕೆಸರು, ಕೆಸರಿನಿಂದ ಮೊಣಕಾಲಿನ ಹಾಗೆ ಎದ್ದು ನಿಂತ ಬೇರುಗಳು. ಇಲ್ಲಿನ ಗೇರಿನ ಕುಟುಂಬದ ಮರವೊಂದನ್ನು ವಿಜ್ಞಾನಿಗಳು ಹೊಸ ಪ್ರಭೇದವೆಂದು ವರ್ಣಿಸಿದ್ದು 2000ದಲ್ಲಿ. ಹೆಸರು ಸೆಮಿಕಾರ್ಪಸ್ ಕತ್ತಲೆಕಾನೆನ್ಸಿಸ್. ಇದು ಉಳಿದಿರುವುದು ಇಂಥ ಕೆಲವೇ ಜಡ್ಡಿಗಳಲ್ಲಿ. ಗಂಡು ಮರ, ಹೆಣ್ಣು ಮರ ಬೇರೆ ಬೇರೆ. ಹೂ ಬಿಟ್ಟಾಗ ಮಾತ್ರ ಯಾವುದು ಯಾವುದೆಂದು ಗೊತ್ತಾಗುವುದು. ಆಗ ಬರೆದಿಟ್ಟುಕೊಂಡದ್ದು ಮುಂದಿನ ವರ್ಷ ಉಪಯೋಗಕ್ಕೆ ಬರಬೇಕಾದರೆ ಅದೇ ಮರದ ಬುಡಕ್ಕೆ ಮತ್ತೆ ಹೋಗಿ ನಿಲ್ಲಬೇಕು.

ಅದಕ್ಕೆ ಜಿಪಿಎಸ್ ಸಾಲದು. ಅಷ್ಟು ದಟ್ಟ ಎಲೆಚಪ್ಪರದ ಕೆಳಗೆ ಅದು ಐದು, ಹತ್ತು ಮೀಟರ್ ಆಚೀಚೆ ತೋರಿಸುತ್ತದೆ. ಅಷ್ಟರೊಳಗೆ ಮೂರು ಮರಗಳಿರುತ್ತವೆ. ಸಸಿಗಳ ವಿಷಯದಲ್ಲಂತೂ ಬರೀ ಎಣಿಕೆ ನಂಬಲೇಬಾರದು. ಹೋದ ವರ್ಷ ನಲವತ್ತು, ಈ ವರ್ಷವೂ ನಲವತ್ತು ಅಂದರೆ ಎಲ್ಲ ಬದುಕಿವೆ ಅನಿಸುತ್ತದೆ. ಹಳೆಯವು ಪೂರ್ತಿ ಸತ್ತು ಹೊಸವು ಹುಟ್ಟಿದ್ದರೂ ಲೆಕ್ಕ ನಲವತ್ತೇ. ನಂಬರ್ ಇದ್ದರಷ್ಟೇ ನಿಜ ತಿಳಿಯುತ್ತದೆ.

ಮೊದಲು ಆನ್‌ಲೈನ್‌ನಲ್ಲಿ ಪ್ಲಾಸ್ಟಿಕ್ ಬಿಲ್ಲೆ ತರಿಸಿದ್ದೆವು. ನೋಡಲು ಚೆಂದ, ಆದರೆ ಮಳೆಗಾಲ ಕಳೆದು ಹೋಗಿ ನೋಡಿದರೆ ಪಾಚಿ ಕಟ್ಟಿತ್ತು. ಉಜ್ಜಿದರೆ ಪಾಚಿಯ ಜೊತೆ ಅಂಕೆಯೂ ಬಂತು. ಶಿರಸಿಯ ಅಂಗಡಿಯವರಿಗೆ ಇದನ್ನು ಹೇಳಿದಾಗ, "ಬಣ್ಣದಲ್ಲಿ ಬರೆದದ್ದು ಮಲೆನಾಡ ಮಳೆಗೆ ನಿಲ್ಲೂದಿಲ್ಲ ಮೇಡಂ, ಅಚ್ಚು ಹೊಡೆದು ಕೊಡ್ತೇನೆ" ಎಂದರು. ಉಕ್ಕಿನ ಅಚ್ಚು ಇಟ್ಟು ಸುತ್ತಿಗೆಯಲ್ಲಿ ಒಂದೊಂದೇ ಅಂಕೆ ಹೊಡೆಯುತ್ತಾರೆ. ಪಾಚಿ ಕಟ್ಟಿದರೂ ಹೆಬ್ಬೆರಳು ಆಡಿಸಿದರೆ ಅಂಕೆ ಕೈಗೆ ಸಿಗುತ್ತದೆ. 6 ಮತ್ತು 9ರ ಅಡಿಗೆ ಗೆರೆ ಎಳೆದದ್ದು ಅವರದೇ ಬುದ್ಧಿ. ಕೆಸರಿಗೆ ಕಳಚಿ ಬಿದ್ದ ಬಿಲ್ಲೆಯನ್ನು ಎತ್ತಿಕೊಂಡಾಗ ಆ ಗೆರೆಯ ಬೆಲೆ ಗೊತ್ತಾಯಿತು. ಒಂದಕ್ಕೆ ಎಂಟು ರೂಪಾಯಿ. ನನ್ನ ಪ್ರಕಾರ ಅಗ್ಗವೇ.

ಕೊರತೆಯೂ ಇದೆ. ಅಂಚು ಹರಿತ, ನಾವೇ ಅರ ಹಾಕಿ ಉಜ್ಜಿಕೊಳ್ಳಬೇಕು. ಈ ಸೆಮಿಕಾರ್ಪಸ್ ಮರದ ಸೊನೆ ತಾಗಿದರೆ ಚರ್ಮದಲ್ಲಿ ಬೊಕ್ಕೆ ಏಳುತ್ತದೆ. ಬೆರಳು ಕೊಯ್ದುಕೊಂಡು ಅಂಥ ಮರ ಮುಟ್ಟುವುದು ಸಲ್ಲ. ಕೈಗವಸು ಹಾಕಿಕೊಂಡೇ ಕೆಲಸ ಮಾಡಿ. ತಗಡು ಹೊಳೆಯುತ್ತದೆ, ದಾರಿಹೋಕರ ಕಣ್ಣಿಗೆ ಬೀಳುತ್ತದೆ. ಹಾಗಾಗಿ ನಾವು ಬಿಲ್ಲೆಯನ್ನು ಕಾಲುದಾರಿಗೆ ಬೆನ್ನಾದ ಮಗ್ಗುಲಿಗೆ ಹೊಡೆಯುತ್ತೇವೆ. ಸಮಯಕ್ಕೆ ಸರಿಯಾಗಿ ಕೊಡುವುದೂ ಕಷ್ಟ, ಒಬ್ಬರೇ ಕೂತು ಮಾಡುವ ಕೆಲಸ. ಬೇಸಿಗೆಯ ಗಣತಿಗೆ ಬೇಕಾದರೆ ಸಂಕ್ರಾಂತಿಗೆ ಮೊದಲೇ ಹೇಳಿಡಿ.

ಮೊಳೆಯೂ ಅಲ್ಯೂಮಿನಿಯಂನದೇ ಕೇಳಿ, ಕಬ್ಬಿಣದ್ದು ತುಕ್ಕು ಹಿಡಿಯುತ್ತದೆ. ಅರಣ್ಯ ಇಲಾಖೆಯ ಅನುಮತಿ ಕೈಗೆ ಬಂದ ಮೇಲಷ್ಟೇ ಹೊಡೆಯಿರಿ. ಸುತ್ತಳತೆ ತೆಗೆಯುವ ಎದೆಮಟ್ಟಕ್ಕಿಂತ ಒಂದು ಗೇಣು ಮೇಲೆ ಹೊಡೆದು, ಅರ್ಧ ಮೊಳೆ ಹೊರಗೇ ಬಿಡಿ. ಇಲ್ಲವಾದರೆ ಮರ ದಪ್ಪವಾಗುತ್ತ ಬಿಲ್ಲೆಯನ್ನೇ ನುಂಗಿಬಿಡುತ್ತದೆ. ಸಸಿಗೆ ಮೊಳೆ ಬೇಡವೇ ಬೇಡ. ತೆಳು ತಾಮ್ರದ ತಂತಿಯನ್ನು ಸಡಿಲ ಬಳೆಯಾಗಿ ಸುತ್ತಿ ತೂಗುಬಿಟ್ಟರೆ ಸಾಕು. ಅದಕ್ಕೆ ತಕ್ಕ ಸಣ್ಣ ಬಿಲ್ಲೆಯನ್ನೂ ಅವರೇ ಕತ್ತರಿಸಿ ಕೊಡುತ್ತಾರೆ, ಮಾದರಿಗೆ ಒಂದು ತಂತಿಯ ತುಂಡು ತೆಗೆದುಕೊಂಡು ಹೋಗಿ.