ಮರುತಯಾರಿಸಿದ ಮೊಬೈಲ್ ಫೋನ್: ಹದಿನಾಲ್ಕು ತಿಂಗಳ ಬಳಕೆಯ ನಂತರ

ಕಳೆದ ಹದಿನಾಲ್ಕು ತಿಂಗಳಿಂದ ನಾನು ಬಳಸುತ್ತಿರುವುದು ಬೇರೊಬ್ಬರು ಮೂರು ವರ್ಷ ಬಳಸಿ ಮರಳಿಸಿದ, ಆ ಬಳಿಕ ಕಾರ್ಖಾನೆಯೊಂದರಲ್ಲಿ ಪೂರ್ತಿ ಬಿಚ್ಚಿ ಮತ್ತೆ ಜೋಡಿಸಿದ ಮೊಬೈಲ್ ಫೋನ್. ಸೆಕೆಂಡ್ ಹ್ಯಾಂಡ್ ಫೋನು ಇದ್ದ ಸ್ಥಿತಿಯಲ್ಲೇ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಹೋಗುತ್ತದೆ. ರಿಫರ್ಬಿಶ್ಡ್ ಎಂದು ಮಾರುವ ಬಹಳಷ್ಟು ಫೋನುಗಳಲ್ಲಿ ಕೆಟ್ಟ ಭಾಗವೊಂದನ್ನು ಬದಲಿಸಿ ಉಳಿದದ್ದನ್ನು ಒರೆಸಿ ಹೊಳಪು ಕೊಟ್ಟಿರುತ್ತಾರೆ. ಮರುತಯಾರಿಕೆಯೆಂದರೆ ಪ್ರತಿ ಭಾಗವನ್ನೂ ಪರೀಕ್ಷಿಸಿ, ಸವೆದದ್ದನ್ನೆಲ್ಲ ಬದಲಿಸಿ, ಹೊಸ ಫೋನಿನ ಗುಣಮಟ್ಟಕ್ಕೆ ತಂದು, ವಾರಂಟಿ ಕೊಟ್ಟು ಮಾರುವುದು. ನಾನು ಕೊಂಡ ಫೋನು ಈ ಮಾತಿಗೆ ಬಹುಮಟ್ಟಿಗೆ ತಕ್ಕಂತಿದೆ.

ಪೆಟ್ಟಿಗೆಯಲ್ಲಿ ಫೋನಿನ ಜೊತೆಗೆ ಒಂದು ಹಾಳೆಯಿತ್ತು. ಬ್ಯಾಟರಿ, ಚಾರ್ಜಿಂಗ್ ಪೋರ್ಟ್, ಸ್ಪೀಕರ್ ಮತ್ತು ಡಿಸ್‌ಪ್ಲೇ ಹೊಸವು. ಮದರ್‌ಬೋರ್ಡ್, ಕ್ಯಾಮೆರಾ ಮತ್ತು ಲೋಹದ ಚೌಕಟ್ಟು ಹಳೆಯವು ಎಂದು ಅದರಲ್ಲಿ ನಮೂದಿಸಿದ್ದರು. ಸಿಮ್ ಟ್ರೇಯ ಅಂಚಿನಲ್ಲಿ ಬಣ್ಣ ಹೋಗಿ ಲೋಹ ಕಾಣುತ್ತಿತ್ತು; ಕ್ಯಾಮೆರಾದ ಸುತ್ತಲಿನ ಉಂಗುರದ ಮೇಲೆ ಕೂದಲೆಳೆಯಷ್ಟು ಗೀರಿತ್ತು. ಬೆಳಕಿಗೆ ಓರೆಯಾಗಿ ಹಿಡಿದರೆ ಮಾತ್ರ ಕಾಣುವ ಆ ಗೀರನ್ನೂ ಹಾಳೆಯಲ್ಲಿ ಬರೆದಿದ್ದರು. ಆ ಪ್ರಾಮಾಣಿಕತೆ ನನಗೆ ಬಹಳ ಹಿಡಿಸಿತು.

ಹಳೆಯ ಫೋನುಗಳು ಮೂಲೆ ಸೇರಲು ಬ್ಯಾಟರಿ ಬಹುದೊಡ್ಡ ಕಾರಣ. ಲಿಥಿಯಂ ಅಯಾನ್ ಬ್ಯಾಟರಿ ಪ್ರತಿ ಸಲ ಚಾರ್ಜ್ ಆಗಿ ಖಾಲಿಯಾದಾಗಲೂ ಸ್ವಲ್ಪ ಸ್ವಲ್ಪವೇ ಸವೆಯುತ್ತದೆ. ಒಳಗಿನ ಪ್ರೊಸೆಸರ್ ಮತ್ತು ಮೆಮೊರಿ ಇನ್ನೂ ಹಲವು ವರ್ಷ ದುಡಿಯಬಲ್ಲವಾದರೂ, ಬ್ಯಾಟರಿ ಸೋತ ಕಾರಣಕ್ಕೆ ಇಡೀ ಫೋನನ್ನೇ ಬಿಸಾಡುವುದು ನಡೆದೇ ಇದೆ. ನನ್ನ ಫೋನಿನ ಬ್ಯಾಟರಿ ಸಾಮರ್ಥ್ಯ ಈಗ ಶೇ. 92ರಷ್ಟಿದೆ. ಬೆಳಿಗ್ಗೆ ಚಾರ್ಜರ್‌ನಿಂದ ತೆಗೆದರೆ ರಾತ್ರಿಯವರೆಗೆ ನಿಶ್ಚಿಂತೆ.

ಎರಡು ದೂರುಗಳಿವೆ. ಮೂರನೆಯ ತಿಂಗಳಲ್ಲಿ ಕ್ಯಾಮೆರಾದ ಗಾಜಿನ ಒಳಗೆ ಮಂಜು ಕಟ್ಟಿತು. ಬಿಚ್ಚಿ ನೋಡಿದಾಗ ನೀರು ತಡೆಯುವ ಅಂಟುಪಟ್ಟಿ ಒಂದು ಮೂಲೆಯಲ್ಲಿ ಸರಿಯಾಗಿ ಕೂತಿರಲಿಲ್ಲ. ವಾರಂಟಿಯಲ್ಲೇ ಸರಿಪಡಿಸಿಕೊಟ್ಟರು, ಆದರೆ ಒಂಬತ್ತು ದಿನ ಫೋನಿಲ್ಲದೆ ಇರಬೇಕಾಯಿತು. ಎರಡನೆಯದು, ಸುತ್ತಲಿನ ಬೆಳಕಿಗೆ ತಕ್ಕಂತೆ ಪರದೆಯ ಬಣ್ಣ ಹೊಂದಿಸಿಕೊಳ್ಳುವ ಸೌಲಭ್ಯ ಕೆಲಸ ಮಾಡುವುದಿಲ್ಲ. ಕೆಲವು ತಯಾರಕರು ಡಿಸ್‌ಪ್ಲೇಯ ಕ್ರಮಸಂಖ್ಯೆಯನ್ನು ಮದರ್‌ಬೋರ್ಡಿಗೆ ಸಾಫ್ಟ್‌ವೇರ್ ಮೂಲಕ ಕಟ್ಟಿಹಾಕಿರುವುದರಿಂದ, ಎಷ್ಟೇ ಒಳ್ಳೆಯ ಬದಲಿ ಭಾಗ ಹಾಕಿದರೂ ಫೋನು ಅದನ್ನು ತನ್ನದೆಂದು ಒಪ್ಪುವುದಿಲ್ಲ. ರಿಪೇರಿ ಮಾಡುವವರ ಕೌಶಲಕ್ಕೆ ಅಡ್ಡ ಬರುವ ಈ ಕಟ್ಟುಪಾಡು ನನಗೆ ಅನ್ಯಾಯವೆನಿಸುತ್ತದೆ.

ಇಷ್ಟಾದರೂ ಇನ್ನೊಮ್ಮೆ ಇಂಥದ್ದನ್ನೇ ಕೊಳ್ಳುತ್ತೇನೆ. 2022ರಲ್ಲಿ ಜಗತ್ತಿನಲ್ಲಿ ಸುಮಾರು 6.2 ಕೋಟಿ ಟನ್ ಇ-ತ್ಯಾಜ್ಯ ಉತ್ಪತ್ತಿಯಾಯಿತು. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹಿಸಿ ಮರುಸಂಸ್ಕರಣೆಗೆ ಒಳಪಡಿಸಿದ ದಾಖಲೆಯಿರುವುದು ಶೇ. 22.3ಕ್ಕೆ ಮಾತ್ರ. ಘಾನಾದ ಅಗ್ಬೊಗ್ಬ್ಲೋಶಿಯಲ್ಲಿ ತಾಮ್ರಕ್ಕಾಗಿ ತಂತಿಗಳನ್ನು ಬಯಲಿನಲ್ಲೇ ಸುಟ್ಟ, ಚೀನಾದ ಗುಯಿಯುವಿನಲ್ಲಿ ಚಿನ್ನಕ್ಕಾಗಿ ಸರ್ಕ್ಯೂಟ್ ಬೋರ್ಡುಗಳನ್ನು ಆಮ್ಲದಲ್ಲಿ ಅದ್ದಿದ ಜನರು ಆ ಹೊಗೆಯನ್ನೂ ಸೀಸದ ದೂಳನ್ನೂ ವರ್ಷಗಟ್ಟಲೆ ಉಸಿರಾಡಿದರು. ಸ್ಮಾರ್ಟ್‌ಫೋನಿನಿಂದಾಗುವ ಇಂಗಾಲದ ಹೊರಸೂಸುವಿಕೆಯಲ್ಲಿ ಬಹುಪಾಲು ಅದನ್ನು ತಯಾರಿಸುವಾಗಲೇ ಆಗಿಹೋಗಿರುತ್ತದೆ. ಹಾಗಾಗಿ ಬಿಡಿಭಾಗಗಳನ್ನು ಕರಗಿಸಿ ಲೋಹ ತೆಗೆಯುವುದಕ್ಕಿಂತ ಫೋನನ್ನು ಫೋನಾಗಿಯೇ ಉಳಿಸಿಕೊಳ್ಳುವುದು ಮೇಲು.

ಆದರೆ ಅಭಿವೃದ್ಧಿಶೀಲ ದೇಶಗಳ ಮಟ್ಟಿಗೆ ಇಲ್ಲೊಂದು ಎಚ್ಚರ ಬೇಕು. ಮರುಬಳಕೆಯ ಹೆಸರಿನಲ್ಲಿ ಸತ್ತ ಫೋನುಗಳನ್ನು ಹಡಗಿಗೇರಿಸಿದರೆ ಅದು ಕಸವನ್ನು ಬಡವರ ಅಂಗಳಕ್ಕೆ ಸಾಗಿಸಿದಂತೆಯೇ. ಅಪಾಯಕಾರಿ ತ್ಯಾಜ್ಯ ದೇಶದಿಂದ ದೇಶಕ್ಕೆ ಸಾಗುವುದನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಬಾಸೆಲ್ ಒಪ್ಪಂದದ ತಿದ್ದುಪಡಿಯಂತೆ, 2025ರ ಜನವರಿ 1ರಿಂದ, ಅಪಾಯಕಾರಿಯಲ್ಲದ ಇ-ತ್ಯಾಜ್ಯವನ್ನು ಗಡಿಯಾಚೆ ಕಳಿಸುವುದಕ್ಕೂ ಪಡೆಯುವ ದೇಶದ ಪೂರ್ವಾನುಮತಿ ಬೇಕಾಗಿದೆ. ಪ್ರತಿ ಫೋನೂ ಪರೀಕ್ಷೆಗೊಳಪಟ್ಟಿದೆಯೆಂದು ತೋರಿಸುವ, ನನಗೆ ಸಿಕ್ಕಂಥ ಹಾಳೆಯ ಬೆಲೆ ತಿಳಿಯುವುದು ಇಲ್ಲಿಯೇ. ಎರಡನೆಯ ಆಯುಷ್ಯವೂ ಮುಗಿದ ಮೇಲೆ ಫೋನನ್ನು ಯಾರು ವಾಪಸು ಪಡೆಯುತ್ತಾರೆಂಬುದನ್ನೂ ಅದರಲ್ಲಿ ಹೇಳಿರಬೇಕು. ನನ್ನ ಮಾರಾಟಗಾರರು ವಾಪಸು ಪಡೆಯುವುದಾಗಿ ಬರೆದುಕೊಟ್ಟಿದ್ದಾರೆ.

ಅವರು ಬರೆಯದೆ ಬಿಟ್ಟ ಒಂದು ವಿಷಯವಿದೆ: ಈ ಫೋನಿಗೆ ಭದ್ರತಾ ಅಪ್‌ಡೇಟ್ ಸಿಗುವುದು ಇನ್ನು ಹತ್ತು ತಿಂಗಳು ಮಾತ್ರ. ಗಟ್ಟಿಮುಟ್ಟಾದ ಯಂತ್ರದ ಆಯುಷ್ಯವನ್ನು ಸಾಫ್ಟ್‌ವೇರ್ ಮೊಟಕುಗೊಳಿಸುವುದಾದರೆ, ಕೊಳ್ಳುವವರಿಗೆ ಅದನ್ನು ಮೊದಲೇ ತಿಳಿಸುವುದು ಮಾರುವವರ ಕರ್ತವ್ಯ. ಈ ಒಂದು ಲೋಪಕ್ಕಾಗಿ ಐದರಲ್ಲಿ ನಾಲ್ಕು ಅಂಕ ಕೊಡುತ್ತಿದ್ದೇನೆ. ಕೊಳ್ಳುವವರು ಬ್ಯಾಟರಿಯ ಬಗ್ಗೆ ಕೇಳುವ ಮುನ್ನ ಅಪ್‌ಡೇಟ್ ನಿಲ್ಲುವ ದಿನಾಂಕವನ್ನು ಕೇಳಿಕೊಳ್ಳಿ.